ಮೂಲ ಮಾದರಿಯೋ, ಪರವಾನಗಿ ಪಡೆದ ತದ್ರೂಪೋ?

ಹಳೆಯ ಗೃಹ ಕಂಪ್ಯೂಟರುಗಳ ಸಂಗ್ರಾಹಕರಲ್ಲಿ ಮೂಲ ಮಾದರಿಯೇ ಶ್ರೇಷ್ಠ, ಪರವಾನಗಿ ಪಡೆದು ತಯಾರಿಸಿದ ತದ್ರೂಪು ಎರಡನೆಯ ದರ್ಜೆಯದು ಎಂಬ ನಂಬಿಕೆ ಬಲವಾಗಿದೆ. ನಾನೂ ಬಹುಕಾಲ ಹಾಗೆಯೇ ಎಣಿಸಿದ್ದೆ. ಆದರೆ 1981ರಲ್ಲಿ ಬ್ರಿಟನ್ನಿನಲ್ಲಿ ಬಂದ ಸಿಂಕ್ಲೇರ್ ಝಡ್‌ಎಕ್ಸ್81 ಹಾಗೂ ಮರುವರ್ಷ ಅಮೆರಿಕದಲ್ಲಿ ಬಂದ ಅದರ ಪರವಾನಗಿ ರೂಪವಾದ ಟೈಮೆಕ್ಸ್ ಸಿಂಕ್ಲೇರ್ 1000, ಇವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದ ಮೇಲೆ ಆ ಎಣಿಕೆ ಸಡಿಲವಾಯಿತು. ಮೂಲದಲ್ಲಿ ಇದ್ದದ್ದು 1 ಕಿಲೋಬೈಟ್ ಮೆಮೊರಿ, ತದ್ರೂಪಿನಲ್ಲಿ 2. ಅಷ್ಟೇ ಅಲ್ಲ, ಸ್ಕಾಟ್ಲೆಂಡಿನ ಡಂಡೀ ಕಾರ್ಖಾನೆಯಲ್ಲಿ ಮೂಲ ಯಂತ್ರವನ್ನು ಜೋಡಿಸುತ್ತಿದ್ದುದೂ ಇದೇ ಟೈಮೆಕ್ಸ್ ಕಂಪನಿ. ಹೀಗಿರುವಾಗ ಯಾವುದನ್ನು ಅಸಲಿ ಎನ್ನಬೇಕು?

1983ರ ಟೈಮೆಕ್ಸ್ ಸಿಂಕ್ಲೇರ್ 2068ರ ಪ್ರಸಂಗ ಬೇರೆ. ಸಿಂಕ್ಲೇರ್ ಕಂಪನಿಯದೇ ಇನ್ನೊಂದು ಗೃಹ ಕಂಪ್ಯೂಟರಾದ ಸ್ಪೆಕ್ಟ್ರಮ್ ಯಂತ್ರವನ್ನು ಆಧರಿಸಿದ ಇದಕ್ಕೆ ಪ್ರತ್ಯೇಕ ಧ್ವನಿ ಚಿಪ್, ಕಾರ್ಟ್ರಿಜ್ ಕಿಂಡಿ, ಹೆಚ್ಚಿನ ಚಿತ್ರ ವಿಧಾನಗಳು ಎಲ್ಲವೂ ಇದ್ದವು. ಆದರೆ ಒಳಗಿನ ಶಾಶ್ವತ ಮೆಮೊರಿಯ ತಂತ್ರಾಂಶವನ್ನೇ ಬದಲಿಸಿದ್ದರಿಂದ, ಅದರ ನಿರ್ದಿಷ್ಟ ವಿಳಾಸಗಳನ್ನು ನೆಚ್ಚಿಕೊಂಡಿದ್ದ ಸ್ಪೆಕ್ಟ್ರಮ್ ಆಟಗಳಲ್ಲಿ ಬಹುಪಾಲು ಇದರಲ್ಲಿ ಓಡಲಿಲ್ಲ. 1984ರಲ್ಲಿ ಟೈಮೆಕ್ಸ್ ಕಂಪನಿಯು ಅಮೆರಿಕದ ಕಂಪ್ಯೂಟರ್ ಮಾರುಕಟ್ಟೆಯನ್ನೇ ಬಿಟ್ಟಿತು. ಉತ್ತಮಗೊಳಿಸಲು ಹೋಗಿ ಒಂಟಿಯಾದ ಈ ಯಂತ್ರದ ಮೇಲೆ ನನಗೆ, ಒಪ್ಪಿಕೊಳ್ಳುತ್ತೇನೆ, ಸ್ವಲ್ಪ ಪಕ್ಷಪಾತವಿದೆ.

ಕೊಳ್ಳುವಾಗ ಹೆಸರಿಗಿಂತ ಮೊದಲು ನಾನು ನೋಡುವುದು ಕೀಲಿಮಣೆಯ ಒಳಗಿನ ಪ್ಲಾಸ್ಟಿಕ್ ಪಟ್ಟಿ ಬಿರುಕುಬಿಟ್ಟಿದೆಯೇ ಎಂಬುದನ್ನು. ಅಮೆರಿಕದ ತದ್ರೂಪಾದರೆ, ಅದರ ಟಿವಿ ಸಂಕೇತವನ್ನು ನನ್ನ ಪರದೆ ಒಪ್ಪುತ್ತದೆಯೇ ಎಂಬುದನ್ನೂ ಪರೀಕ್ಷಿಸಿಕೊಳ್ಳುತ್ತೇನೆ.