ಅಪ್ಪು ಅಭಿಮಾನಿಗಳಿಗೆ, ನೇತ್ರದಾನದ ಆ ಆರು ಗಂಟೆ ಬಗ್ಗೆ

2006ರಲ್ಲಿ ಅಣ್ಣಾವ್ರು ಹೋದಾಗ ಬೆಂಗಳೂರು ಕಲ್ಲು, ಬೆಂಕಿ, ಗೋಲಿಬಾರ್ ಎಲ್ಲ ಕಂಡಿತ್ತು. 2021ರ ಅಕ್ಟೋಬರ್ 29ಕ್ಕೆ ಅಪ್ಪು ಹೋದ್ರು. ಕೋವಿಡ್ ಇನ್ನೂ ಪೂರ್ತಿ ತೊಲಗಿರಲಿಲ್ಲ, ಆದರೂ ಕಂಠೀರವ ಕ್ರೀಡಾಂಗಣದ ಮುಂದೆ ಜನಸಾಗರ. ಅಪ್ಪನಂತೆ ಮಗನ ಕಣ್ಣೂ ದಾನವಾಯ್ತು. ನಾರಾಯಣ ನೇತ್ರಾಲಯದಲ್ಲಿ ಕಾರ್ನಿಯಾದ (ಕಣ್ಣಿನ ಮುಂದಿರೋ ಪಾರದರ್ಶಕ ಪರದೆ) ಮುಂಪದರ, ಹಿಂಪದರ ಬೇರೆ ಮಾಡಿ, ಎರಡು ಕಣ್ಣಿಂದ ನಾಲ್ವರಿಗೆ ದೃಷ್ಟಿ ಕೊಟ್ಟರು. ಅದಾದ ಮೇಲೆ ನೇತ್ರದಾನಕ್ಕೆ ಹೆಸರು ಬರೆಸೋಕೆ ಅಭಿಮಾನಿಗಳು ಮುಗಿಬಿದ್ರು. ಕಟೌಟಿಗೆ ಹಾಲು ಸುರಿಯೋ ಅಭಿಮಾನಕ್ಕಿಂತ ನಂಗೆ ಇದೇ ದೊಡ್ಡದು.

ಆದ್ರೆ ಹೆಸರು ಬರೆಸಿದಾಗ ಕೊಡೋ ಕಾರ್ಡು ಪರ್ಸಲ್ಲಿದ್ರೆ ಸಾಕು ಅಂತ ಕಣ್ಣು ದಾನ ಆಗಲ್ಲ. ಒಪ್ಪಿಗೆಗೆ ಸಹಿ ಹಾಕೋದು ಮನೆಯವರು, ಅವರಿಗೆ ಇವತ್ತೇ ಹೇಳಿಡಿ. ಕಾರ್ಡು ಇಲ್ಲದಿದ್ರೂ ಅವರು ಒಪ್ಪಿದ್ರೆ ಸಾಕು. ಉಸಿರು ನಿಂತ ಆರು ಗಂಟೆಯೊಳಗೆ ಕಣ್ಣು ತೆಗೀಬೇಕು, ಹಾಗಾಗಿ ಐ ಬ್ಯಾಂಕಿಗೆ ಫೋನ್ ಮೊದಲು, ನೆಂಟರಿಗೆ ಆಮೇಲೆ. ಸಾವಿನ ಮನೇಲಿ ಸೆಕೆ ಅಂತ ಫ್ಯಾನ್ ಹಾಕಿಬಿಡ್ತಾರಲ್ಲ, ಅಲ್ಲೇ ಕೆಡೋದು: ಗಾಳಿಗೆ ಕಾರ್ನಿಯಾ ಒಣಗುತ್ತೆ. ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ. ತಲೆ ಕೆಳಗೆ ದಿಂಬು. ಎಸಿ ಇದ್ರೆ ಓಡಲಿ. ವೈದ್ಯರು ಕೊಟ್ಟ ಮರಣ ದೃಢೀಕರಣ ಪತ್ರ ಕೈಯಲ್ಲಿರಲಿ.

ಕನ್ನಡಕ, ಸಕ್ಕರೆ ಕಾಯಿಲೆ, ಪೊರೆ ಆಪರೇಷನ್ ಯಾವುದೂ ಅಡ್ಡಿಯಲ್ಲ. ಎಚ್‌ಐವಿ, ರೇಬೀಸ್, ಹೆಪಟೈಟಿಸ್ ಬಿ, ಸಿ ಇದ್ರೆ ತಗೊಳಲ್ಲ. ಅರ್ಧ ಗಂಟೆಯೊಳಗಿನ ಕೆಲಸ, ಮುಖ ವಿಕಾರ ಆಗಲ್ಲ.