ಪೀಣ್ಯದ ಶೆಡ್ಡಿನಿಂದ ನ್ಯಾಷನಲ್ ಕಾಲೇಜಿನವರೆಗೆ: ವಿಜ್ಞಾನಿಗಳ ಜಾಡು ಹಿಡಿದು

ತುಮಕೂರಿನವರಿಗೆ ಬೆಂಗಳೂರು ಹೊಸದಲ್ಲ. ಮದುವೆ, ಆಸ್ಪತ್ರೆ, ಚಿಕ್ಕಪೇಟೆಯ ಸೀರೆ, ಯಾವುದೋ ಪರೀಕ್ಷೆ, ಹೀಗೆ ಏನಾದರೊಂದು ನೆಪ ಇದ್ದೇ ಇರುತ್ತದೆ. ಈ ಸಲ ಹೋಗಿದ್ದಕ್ಕೆ ಕಾರಣ ನನ್ನ ಅಕ್ಕನ ಮಗಳು. ಬಿ.ಎಸ್ಸಿ. ಓದುತ್ತಿದ್ದಾಳೆ, ಫಿಸಿಕ್ಸ್ ಅಂದರೆ ಜೀವ. ಸಿ.ವಿ. ರಾಮನ್ ಬಗ್ಗೆ, ಸತೀಶ್ ಧವನ್ ಬಗ್ಗೆ ಹತ್ತು ಸಾಲು ಬರೆ ಅಂದರೆ ಬರೆಯುತ್ತಾಳೆ: ಹುಟ್ಟಿದ್ದು, ತೀರಿಕೊಂಡಿದ್ದು, ಬಂದ ಪ್ರಶಸ್ತಿ. ಅವರು ದಿನಾ ಎಲ್ಲಿ ಕೂತು ಏನು ಮಾಡುತ್ತಿದ್ದರು, ಜೊತೆಗೆ ಯಾರಿದ್ದರು, ಯಾರನ್ನು ಒಳಗೆ ಬಿಡಲಿಲ್ಲ, ಇದು ಮಾತ್ರ ಅವಳ ನೋಟ್ಸಿನಲ್ಲಿ ಇಲ್ಲ. ನನ್ನ ಪ್ರಕಾರ ಒಬ್ಬರ ಜೀವನದ ಕೆಲಸವನ್ನು ನೆನೆಯುವುದು ಅಂದರೆ ಆ ನೋಟ್ಸಿನಲ್ಲಿ ಇಲ್ಲದ್ದನ್ನೇ ನೆನೆಯುವುದು. ಹಾಗಾಗಿ ಇಬ್ಬರೂ ಬಸ್ಸು ಹತ್ತಿದೆವು.

ನಮ್ಮ ಕಡೆಯಿಂದ ಬರುವವರಿಗೆ ಬೆಂಗಳೂರು ಶುರುವಾಗುವುದೇ ಪೀಣ್ಯದಲ್ಲಿ. ಲಾರಿಗಳ ಸಾಲು, ಲೇತ್ ಸದ್ದು, ಪೌಡರ್ ಕೋಟಿಂಗ್ ಬೋರ್ಡುಗಳು. ಎಷ್ಟೋ ಸಲ ಈ ದಾರಿಯಲ್ಲಿ ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೊಡೆದಿದ್ದೇನೆ. ಈ ಸಲ ಅಲ್ಲೇ ಇಳಿದುಕೊಂಡೆವು. ಏಕೆಂದರೆ ಭಾರತದ ಮೊದಲ ಉಪಗ್ರಹ ಆರ್ಯಭಟ ತಯಾರಾಗಿದ್ದು ಇಲ್ಲಿನ ಕೈಗಾರಿಕಾ ಶೆಡ್ಡುಗಳಲ್ಲಿ. ಉಡುಪಿಯ ಪಕ್ಕದ ಅದಮಾರಿನ ಯು.ಆರ್. ರಾವ್ ಅದರ ನೇತೃತ್ವ ವಹಿಸಿದ್ದರು. ವಿಕ್ರಮ್ ಸಾರಾಭಾಯಿ ಅವರ ಶಿಷ್ಯ, ಅಮೆರಿಕದಲ್ಲಿ ಕಾಸ್ಮಿಕ್ ಕಿರಣಗಳ ಮೇಲೆ ಕೆಲಸ ಮಾಡಿ ವಾಪಸ್ ಬಂದವರು. ಜೊತೆಗಿದ್ದವರಲ್ಲಿ ಹೆಚ್ಚಿನವರು ಆಗಷ್ಟೇ ಓದು ಮುಗಿಸಿದ ಹುಡುಗರು, ಉಪಗ್ರಹವನ್ನು ಅದಕ್ಕೂ ಮೊದಲು ಕಣ್ಣಲ್ಲೂ ಕಾಣದವರು. 1972ರಲ್ಲಿ ಸೋವಿಯತ್ ಒಕ್ಕೂಟದ ಜೊತೆ ಒಪ್ಪಂದವಾಯಿತು. 1975ರ ಏಪ್ರಿಲ್ 19ಕ್ಕೆ ಸುಮಾರು 360 ಕಿಲೋ ತೂಕದ ಆರ್ಯಭಟ ಅಲ್ಲಿನ ರಾಕೆಟ್ಟಿನಲ್ಲಿ ಹಾರಿತು. ಅದು ಕಳಿಸುವ ಸಂಕೇತ ಪಡೆಯಲು ಬೆಂಗಳೂರಿನಲ್ಲಿ ಬೇರೆ ಜಾಗ ಸಿಗದೆ ಒಂದು ಶೌಚಾಲಯವನ್ನೇ ಕೇಂದ್ರವಾಗಿ ಮಾಡಿಕೊಂಡಿದ್ದರಂತೆ. ವಿದ್ಯುತ್ ವ್ಯವಸ್ಥೆ ಕೈಕೊಟ್ಟು ಕೆಲವೇ ದಿನಗಳಲ್ಲಿ ಅದರ ಪ್ರಯೋಗಗಳು ನಿಂತವು. ಆದರೂ ಉಪಗ್ರಹ ಮಾಡುವುದು ಹೇಗೆ ಅಂತ ಈ ಊರು ಕಲಿತಿದ್ದು ಆ ಶೆಡ್ಡುಗಳಲ್ಲೇ.

ನನ್ನ ವಯಸ್ಸಿನವರಿಗೆ ಹಳೆಯ 2 ರೂಪಾಯಿ ನೋಟಿನ ಹಿಂದೆ ಇದ್ದ ಚಿತ್ರ ನೆನಪಿರಬಹುದು. ಅದೇ ಆರ್ಯಭಟ. ಅಕ್ಕನ ಮಗಳು ಆ ನೋಟನ್ನೇ ನೋಡಿಲ್ಲ. ಒಳಗೆ ಹೋಗಿ ನೋಡುವಂಥ ಸ್ಥಳ ನಾವೇನೂ ಹುಡುಕಲಿಲ್ಲ. ಸುಮ್ನೆ ಆ ರಸ್ತೆಗಳಲ್ಲಿ ಒಂದು ಸುತ್ತು ಹಾಕಿದೆವು. ಒಂದು ಶೆಡ್ಡಿನ ಮುಂದೆ ಕಬ್ಬಿಣದ ಹಾಳೆ ಇಳಿಸುತ್ತಿದ್ದರು, ಇನ್ನೊಂದರ ಒಳಗೆ ವೆಲ್ಡಿಂಗ್ ಕಿಡಿ. "ಚಿಕ್ಕಮ್ಮ, ಇಂಥದ್ರಲ್ಲೇ ಮಾಡಿದ್ರಾ?" ಅಂತ ಕೇಳಿದಳು. ಹೌದು ಕಣೇ, ಇಂಥದ್ರಲ್ಲೇ.

ಮೆಟ್ರೋದಲ್ಲಿ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ನಿಲ್ದಾಣಕ್ಕೆ ಬಂದು ಆಟೋ ಹಿಡಿದೆವು. ಭಾರತೀಯ ವಿಜ್ಞಾನ ಸಂಸ್ಥೆ ಅನ್ನುವುದಕ್ಕಿಂತ ಟಾಟಾ ಇನ್‌ಸ್ಟಿಟ್ಯೂಟ್ ಅಂದರೆ ಹಳೆಯ ಆಟೋದವರಿಗೆ ಬೇಗ ತಿಳಿಯುತ್ತದೆ. 1909ರಲ್ಲಿ ಶುರುವಾದ ಸಂಸ್ಥೆ, ಮೈಸೂರು ಅರಮನೆ ಕೊಟ್ಟ 371 ಎಕರೆ ಜಾಗ. ಅಲ್ಲಿ ಕೆಲಸ ಮಾಡುವ ಪರಿಚಯದವರು ಗೇಟಿನ ಹತ್ತಿರ ಬಂದು ಕರೆದುಕೊಂಡು ಹೋದರು. ಹಾಗೆ ಯಾರೂ ಇಲ್ಲದಿದ್ದರೆ ವರ್ಷಕ್ಕೊಮ್ಮೆ ಓಪನ್ ಡೇ ಇರುತ್ತದೆ, ಆವತ್ತು ಎಲ್ಲರಿಗೂ ಪ್ರವೇಶ. ಮಕ್ಕಳಿರುವವರು ತಪ್ಪಿಸಿಕೊಳ್ಳಬೇಡಿ.

ಮುಖ್ಯ ಕಟ್ಟಡದ ಎದುರು ಜೆಮ್ಷೆಟ್‌ಜಿ ಟಾಟಾ ಅವರ ಪ್ರತಿಮೆ ಇದೆ. ಎಲ್ಲರೂ ಅಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರೆ, ನಾವೂ ತೆಗೆಸಿಕೊಂಡೆವು. ಆದರೆ ನನಗೆ ಆ ಜಾಗದಲ್ಲಿ ಮನಸ್ಸು ಪೂರ್ತಿ ಹೋಗಿದ್ದು 1933ಕ್ಕೆ. ಆ ವರ್ಷ ರಾಮನ್ ಇಲ್ಲಿಗೆ ನಿರ್ದೇಶಕರಾಗಿ ಬಂದರು, ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕ. ಅದೇ ವರ್ಷ ಬಾಂಬೆಯಿಂದ ಕಮಲಾ ಭಾಗವತ್ ಅನ್ನುವ ಹುಡುಗಿ ಸಂಶೋಧನೆಗೆ ಅರ್ಜಿ ಹಾಕಿದಳು. ಅವಳ ಅಪ್ಪ, ಚಿಕ್ಕಪ್ಪ ಇಬ್ಬರೂ ಇಲ್ಲೇ ರಸಾಯನಶಾಸ್ತ್ರ ಓದಿದವರು. ಅಂಕಗಳೂ ಚೆನ್ನಾಗಿದ್ದವು. ಹೆಣ್ಣು ಅನ್ನುವ ಒಂದೇ ಕಾರಣಕ್ಕೆ ರಾಮನ್ ಬೇಡ ಅಂದರು. ಅವಳು ಸುಮ್ಮನೆ ವಾಪಸ್ ಹೋಗಲಿಲ್ಲ. ನೇರ ಬಂದು ಪಟ್ಟು ಹಿಡಿದು ನಿಂತಳು. ಕೊನೆಗೆ ಒಂದು ವರ್ಷ ಪರೀಕ್ಷಾರ್ಥವಾಗಿ ಇರಲಿ, ಆಮೇಲೆ ನೋಡೋಣ ಅಂತ ಷರತ್ತು ಹಾಕಿ ಸೇರಿಸಿಕೊಂಡರು. ಎಂ. ಶ್ರೀನಿವಾಸಯ್ಯ ಅವರ ಕೈಕೆಳಗೆ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳ ಮೇಲೆ ಕೆಲಸ ಮಾಡಿ ತೋರಿಸಿದಳು. ಆಮೇಲೆ ಹೆಣ್ಣುಮಕ್ಕಳಿಗೆ ಇಲ್ಲಿನ ಬಾಗಿಲು ತೆರೆಯಿತು. ಅವರೇ ಮುಂದೆ ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. ಮಾಡಿದ ಕಮಲಾ ಸೋಹೊನಿ. 1998ರಲ್ಲಿ ತೀರಿಕೊಂಡರು.

ಇದನ್ನು ಹೇಳುವಾಗ ಅಕ್ಕನ ಮಗಳ ಮುಖ ನೋಡುತ್ತಿದ್ದೆ. ರಾಮನ್ ಅವಳ ಆರಾಧ್ಯ ದೈವ. ಸ್ವಲ್ಪ ದೂರ ಮಾತಿಲ್ಲದೆ ನಡೆದಳು. ಆಮೇಲೆ, "ಇದನ್ನ ನಮಗ್ಯಾಕೆ ಹೇಳ್ಕೊಡಲ್ಲ?" ಅಂದಳು. ನನಗೂ ಅದೇ ಪ್ರಶ್ನೆ. ದೊಡ್ಡವರ ತಪ್ಪನ್ನು ಹೇಳಿದರೆ ಅವರು ಚಿಕ್ಕವರಾಗುವುದಿಲ್ಲ. ಹೇಳದಿದ್ದರೆ ಕಮಲಾ ಕಾಣದೇ ಹೋಗುತ್ತಾರೆ, ನಷ್ಟ ಅಲ್ಲಿರುವುದು.

ಇನ್ನೊಬ್ಬರ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಅವರು ನಮ್ಮ ಕರ್ನಾಟಕದವರೇ. ರಾಜೇಶ್ವರಿ ಚಟರ್ಜಿ. ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1940ರ ದಶಕದಲ್ಲಿ ಈ ಸಂಸ್ಥೆ ಸೇರಿ, ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿ ಡಾಕ್ಟರೇಟ್ ಮಾಡಿಕೊಂಡು ಬಂದು, ಇಲ್ಲೇ ಪಾಠ ಮಾಡಿದರು. ಸಂಸ್ಥೆಯ ಮೊದಲ ಮಹಿಳಾ ಎಂಜಿನಿಯರಿಂಗ್ ಅಧ್ಯಾಪಕಿ. ಗಂಡ ಶಿಶಿರ್ ಕುಮಾರ್ ಚಟರ್ಜಿ ಜೊತೆ ಸೇರಿ ಮೈಕ್ರೋವೇವ್ ಪ್ರಯೋಗಾಲಯ ಕಟ್ಟಿದರು. ರೇಡಾರ್, ಆಂಟೆನಾ ಅಂತ ಇವತ್ತು ಬೆಂಗಳೂರು ಮಾಡುವ ಎಷ್ಟೋ ಕೆಲಸಕ್ಕೆ ಅವರ ಶಿಷ್ಯರು ಹೋಗಿದ್ದಾರೆ. 2010ರವರೆಗೆ ಬದುಕಿದ್ದರು. ನಾನು ಕಾಲೇಜಿನಲ್ಲಿ ಓದುವಾಗ ಯಾರೂ ಈ ಹೆಸರು ಹೇಳಿರಲಿಲ್ಲ.

ಸತೀಶ್ ಧವನ್ ಅವರ ವಾಯುಸುರಂಗದ ಬಗ್ಗೆಯೂ ಹೇಳಬೇಕು. ಗಾಳಿಯನ್ನು ಶಬ್ದಕ್ಕಿಂತ ವೇಗವಾಗಿ ಹಾಯಿಸಿ ವಿಮಾನದ ಭಾಗಗಳನ್ನು ಪರೀಕ್ಷೆ ಮಾಡುವ ಸುರಂಗ. 1951ರಲ್ಲಿ ಸಂಸ್ಥೆಗೆ ಸೇರಿದ ಅವರು ಅಂಥ ಮೊದಲ ಸುರಂಗವನ್ನು ಬಹಳ ಕಡಿಮೆ ಖರ್ಚಿನಲ್ಲಿ, ಸಿಕ್ಕ ಸಾಮಾನಿನಲ್ಲೇ ಕಟ್ಟಿದರು. ಮುಂದೆ 1962ರಿಂದ 1981ರವರೆಗೆ ನಿರ್ದೇಶಕರು. ಇಸ್ರೋ ಅಧ್ಯಕ್ಷರಾಗಿ ಎಂದು ಕರೆದಾಗ, ಕಚೇರಿ ಬೆಂಗಳೂರಿನಲ್ಲೇ ಇರಬೇಕು, ಈ ಸಂಸ್ಥೆಯನ್ನೂ ಬಿಡುವುದಿಲ್ಲ ಎಂದು ಕೇಳಿ ಪಡೆದವರು. 1979ರ ಆಗಸ್ಟಿನಲ್ಲಿ ಇಸ್ರೋದ ಎಸ್‌ಎಲ್‌ವಿ-3 ರಾಕೆಟ್ ಸಮುದ್ರಕ್ಕೆ ಬಿದ್ದಾಗ ಪತ್ರಕರ್ತರ ಮುಂದೆ ತಾವೇ ಕೂತರು. ಮರುವರ್ಷ ಜುಲೈನಲ್ಲಿ ಅದು ಗೆದ್ದಾಗ, ನೀವೇ ಹೋಗಿ ಮಾತಾಡಿ ಅಂತ ಆ ಯೋಜನೆ ನಡೆಸುತ್ತಿದ್ದ ಕಲಾಂ ಅವರನ್ನು ಮುಂದೆ ಕಳಿಸಿದರು. ಕಲಾಂ ಇದನ್ನು ಹೋದಲ್ಲೆಲ್ಲ ಹೇಳುತ್ತಿದ್ದರು. ಧವನ್ ಅವರ ಹತ್ತಿರ ಕಲಿತವರಲ್ಲಿ ರೊದ್ದಂ ನರಸಿಂಹ ಒಬ್ಬರು, ಬೆಂಗಳೂರಲ್ಲೇ ಓದಿದ ಹುಡುಗ, ಮುಂದೆ ವಿಮಾನಗಳ ಸಂಶೋಧನೆ ಮಾಡುವ ಎನ್‌ಎಎಲ್ ಸಂಸ್ಥೆಯ ನಿರ್ದೇಶಕ, ದ್ರವಗಳ ಹರಿವಿನ ವಿಜ್ಞಾನದಲ್ಲಿ ಜಗತ್ತೇ ಗುರುತಿಸಿದ ಹೆಸರು. ಗುರು 2002ರಲ್ಲಿ ಹೋದರು, ಶಿಷ್ಯ 2020ರಲ್ಲಿ.

ಊಟ ಮುಗಿಸಿ ಸಿ.ವಿ. ರಾಮನ್ ರಸ್ತೆ ಹಿಡಿದು ಮೇಖ್ರಿ ವೃತ್ತದ ಕಡೆ ನಡೆದೆವು. ರಾಮನ್ ಸಂಶೋಧನಾ ಸಂಸ್ಥೆಗೆ ಮೊದಲೇ ಬರೆದು ಕೇಳಿಕೊಂಡಿದ್ದೆವು. 1948ರಲ್ಲಿ ಪ್ರಾಧ್ಯಾಪಕ ಹುದ್ದೆಯಿಂದ ನಿವೃತ್ತರಾದ ಮೇಲೆ ರಾಮನ್ ಕಟ್ಟಿಕೊಂಡ ಜಾಗ ಇದು. ಒಳಗೆ ಅವರು ಕೂಡಿಟ್ಟ ಹರಳು, ಖನಿಜ, ವಜ್ರ, ಚಿಟ್ಟೆಗಳಿವೆ. ಬಣ್ಣ ಎಲ್ಲಿ ಕಂಡರೂ ಅದು ಹೇಗೆ ಬಂತು ಅಂತ ಕೇಳುತ್ತಿದ್ದ ಮನುಷ್ಯ. ನೊಬೆಲ್ ಬಂದು ಎಷ್ಟೋ ವರ್ಷದ ಮೇಲೂ ಹೂವಿನ ಬಣ್ಣ, ಕಣ್ಣು ನೋಡುವ ಬಗೆ ಅಂತ ಕೆಲಸ ಮಾಡುತ್ತಲೇ ಇದ್ದರು. 1970ರ ನವೆಂಬರ್ 21ರಂದು ತೀರಿಕೊಂಡಾಗ ಇದೇ ತೋಟದಲ್ಲಿ ಅಂತ್ಯಸಂಸ್ಕಾರ ಮಾಡಿದರು. ಅಲ್ಲಿ ಸಮಾಧಿ ಇಲ್ಲ, ಒಂದು ಮರ ಇದೆ. ಅದೇ ಅವರ ಆಸೆಯಾಗಿತ್ತಂತೆ. ನಾವು ಆ ಮರದ ಕೆಳಗೆ ಸುಮಾರು ಹೊತ್ತು ನಿಂತಿದ್ದೆವು.

ಆದರೆ ನನಗೆ ಆ ಆವರಣದಲ್ಲಿ ಮರಕ್ಕಿಂತ ಜಾಸ್ತಿ ಕಾಡಿದ್ದು ಗ್ರಂಥಾಲಯ. ಅಣ್ಣಾ ಮಣಿ ಅನ್ನುವ ಮಹಿಳಾ ವಿಜ್ಞಾನಿಯ ಪಿಎಚ್.ಡಿ. ಪ್ರಬಂಧ ಅಲ್ಲಿದೆ. 1940ರ ದಶಕದ ಮೊದಲಲ್ಲಿ ಅವರು ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ ಮತ್ತು ಮಾಣಿಕ್ಯಗಳ ಬೆಳಕನ್ನು ಅಳೆಯುತ್ತಿದ್ದರು. ಒಂದೊಂದು ಫೋಟೋ ಫಲಕಕ್ಕೆ 15-20 ತಾಸು ಬೆಳಕು ಬೀಳಿಸಬೇಕು. ಹಾಗಾಗಿ ಎಷ್ಟೋ ರಾತ್ರಿ ಪ್ರಯೋಗಾಲಯದಲ್ಲೇ ಮಲಗುತ್ತಿದ್ದರು. ಐದು ಲೇಖನ ಬರೆದರು, ಪ್ರಬಂಧ ಒಪ್ಪಿಸಿದರು. ಎಂ.ಎಸ್ಸಿ. ಆಗಿಲ್ಲ ಅನ್ನುವ ಕಾರಣ ಕೊಟ್ಟು ಮದ್ರಾಸು ವಿಶ್ವವಿದ್ಯಾಲಯ ಪಿಎಚ್.ಡಿ. ಕೊಡಲಿಲ್ಲ. ಉಳಿದವರ ಪ್ರಬಂಧಗಳಂತೆಯೇ ಬೈಂಡ್ ಆಗಿ ಅದೂ ಕಪಾಟಿನಲ್ಲಿದೆ, ನೋಡಿದವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅಣ್ಣಾ ಮಣಿ ಇಂಗ್ಲೆಂಡಿಗೆ ಹೋಗಿ ಹವಾಮಾನದ ಉಪಕರಣಗಳ ಕೆಲಸ ಕಲಿತು ಬಂದರು. ಮಳೆ, ಗಾಳಿ, ಬಿಸಿಲು ಅಳೆಯುವ ಸಾಧನಗಳನ್ನು ನಮ್ಮಲ್ಲೇ ಮಾಡಿಸಿದರು, ಹವಾಮಾನ ಇಲಾಖೆಯ ಉಪ ಮಹಾನಿರ್ದೇಶಕಿಯಾಗಿ ನಿವೃತ್ತರಾದರು. ಇವತ್ತು ನಮ್ಮ ಪಾವಗಡದಲ್ಲಿ ಹೊಲದ ತುಂಬ ಸೋಲಾರ್ ಫಲಕ ನಿಂತಿವೆಯಲ್ಲ, ದೇಶದಲ್ಲಿ ಎಲ್ಲಿ ಎಷ್ಟು ಬಿಸಿಲು ಬೀಳುತ್ತದೆ ಅಂತ ಮೊದಲು ಕೂತು ಲೆಕ್ಕ ಹಾಕಿ ಪುಸ್ತಕ ಮಾಡಿಕೊಟ್ಟವರಲ್ಲಿ ಅವರು ಮುಖ್ಯರು. ಅಕ್ಕನ ಮಗಳು ಇದೊಂದನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡಳು.

ರಾತ್ರಿ ರಾಜಾಜಿನಗರದ ಸಂಬಂಧಿಕರ ಮನೆಯಲ್ಲಿ ಉಳಿದೆವು. ಮರುದಿನ ಬೆಳಿಗ್ಗೆ ಸೆಂಟ್ರಲ್ ಕಾಲೇಜು. ಮೆಟ್ರೋ ನಿಲ್ದಾಣಕ್ಕೆ ಸರ್ ಎಂ. ವಿಶ್ವೇಶ್ವರಯ್ಯ ಅವರ ಹೆಸರಿದೆ. ಅವರು ಬಿ.ಎ. ಓದಿದ್ದು ಇಲ್ಲೇ, 1881ರಲ್ಲಿ ಮುಗಿಸಿದರು. ಕಲ್ಲಿನ ಕಟ್ಟಡ ಹಳೆಯದು, ಗಟ್ಟಿ. ರಾಮನ್ ಅವರು ಕೆ.ಎಸ್. ಕೃಷ್ಣನ್ ಜೊತೆ ಕಲ್ಕತ್ತೆಯಲ್ಲಿ ಹೊಸ ಬೆಳಕನ್ನು, ಅಂದರೆ ಈಗ ರಾಮನ್ ಪರಿಣಾಮ ಅನ್ನುವುದನ್ನು, ಕಂಡಿದ್ದು 1928ರ ಫೆಬ್ರವರಿ 28ರಂದು. ಆ ವಿಷಯದ ಮೇಲೆ ಅವರು ದೊಡ್ಡ ಉಪನ್ಯಾಸ ಕೊಟ್ಟಿದ್ದು ಮಾರ್ಚ್ 16ಕ್ಕೆ, ಇದೇ ಸೆಂಟ್ರಲ್ ಕಾಲೇಜಿನಲ್ಲಿ. ಫೆಬ್ರವರಿ 28 ವಿಜ್ಞಾನ ದಿನ ಅಂತ ಶಾಲೆಗಳೆಲ್ಲ ಆಚರಿಸುತ್ತವೆ. ಮಾರ್ಚ್ 16ನ್ನು ಬೆಂಗಳೂರಿನವರಾದರೂ ಆಚರಿಸಬೇಕು ಅಂತ ನನ್ನ ಆಸೆ.

ಅಲ್ಲಿಂದ ಚಾಮರಾಜಪೇಟೆ, ಕನ್ನಡ ಸಾಹಿತ್ಯ ಪರಿಷತ್ತು. ವಿಜ್ಞಾನಿಗಳ ಪ್ರವಾಸದಲ್ಲಿ ಇದೇಕೆ ಅಂತ ಅವಳು ಕೇಳಿದಳು. ಜಿ. ವೆಂಕಟಸುಬ್ಬಯ್ಯ ಅವರ ಸಲುವಾಗಿ. ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಮುಗಿಸಿದ ಸಂಪಾದಕರು ಅವರು. ದಶಕಗಟ್ಟಲೆ ನಡೆದ ಕೆಲಸ. ಶಾಸನ, ಹಳೆಯ ಕಾವ್ಯ, ಜನರ ಮಾತು ಎಲ್ಲವನ್ನೂ ಜರಡಿ ಹಿಡಿದು, ಒಂದೊಂದು ಪದಕ್ಕೂ ಬಳಕೆಯ ಪ್ರಯೋಗ ತೋರಿಸಿ ಅಚ್ಚು ಮಾಡಿದ್ದಾರೆ. ಅದು ವಿಜ್ಞಾನದ ಕೆಲಸವೇ ಅಲ್ವಾ? ವಿಜಯಾ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದ ಮೇಲೂ ಬಿಡದೆ ದುಡಿದರು. ಪ್ರಜಾವಾಣಿಯಲ್ಲಿ ಓದುಗರ ಪ್ರಶ್ನೆಗಳಿಗೆ ಉತ್ತರಿಸುವ 'ಇಗೋ ಕನ್ನಡ' ಅಂಕಣ 1991ರಲ್ಲಿ ಶುರು ಮಾಡಿದಾಗ ಅವರಿಗೆ ಎಂಬತ್ತರ ಹತ್ತಿರ. ನಮ್ಮ ತಂದೆ ಅದನ್ನು ಕತ್ತರಿಸಿ ಅಂಟಿಸಿಡುತ್ತಿದ್ದರು. 2021ರ ಏಪ್ರಿಲ್‌ನಲ್ಲಿ ವೆಂಕಟಸುಬ್ಬಯ್ಯ ಹೋದಾಗ ಅವರಿಗೆ 107 ವರ್ಷ. ಸಂಪುಟವನ್ನು ಕೈಯಲ್ಲಿ ಹಿಡಿದಾಗ ಅಕ್ಕನ ಮಗಳು ಮೊದಲು ತೂಕದ ಬಗ್ಗೆ ಮಾತಾಡಿದಳು, ಆಮೇಲೆ ಕೂತು ಓದತೊಡಗಿದಳು. ಎಬ್ಬಿಸುವುದು ಕಷ್ಟವಾಯಿತು.

ಗಾಂಧಿ ಬಜಾರಿನಲ್ಲಿ ದೋಸೆ ತಿಂದು, ಸಂಜೆಗೆ ಬಸವನಗುಡಿಯ ನ್ಯಾಷನಲ್ ಕಾಲೇಜಿಗೆ ಬಂದೆವು. ಬುಧವಾರ ಬರುವ ಹಾಗೆ ಬೇಕಂತಲೇ ಲೆಕ್ಕ ಹಾಕಿದ್ದೆ. ಎಚ್. ನರಸಿಂಹಯ್ಯ ಅವರ ಕಾಲೇಜು ಇದು. ಎಚ್ಚೆನ್ ಅಂದರೆ ಹಳೆಯ ವಿದ್ಯಾರ್ಥಿಗಳ ಕಣ್ಣು ಈಗಲೂ ಅರಳುತ್ತದೆ. ಗೌರಿಬಿದನೂರಿನ ಹೊಸೂರಿನ ಬಡ ಮನೆಯ ಹುಡುಗ, ಬಸ್ಸಿಗೆ ಕಾಸಿಲ್ಲದೆ ಬೆಂಗಳೂರಿಗೆ ನಡೆದೇ ಬಂದು ಹೈಸ್ಕೂಲು ಸೇರಿದರು. 1942ರಲ್ಲಿ ಓದು ಬಿಟ್ಟು ಚಳವಳಿಗೆ ಇಳಿದು ಜೈಲಿಗೆ ಹೋದರು. ಆಮೇಲೆ ಫಿಸಿಕ್ಸ್ ಎಂ.ಎಸ್ಸಿ. ಮುಗಿಸಿ ಇಲ್ಲಿ ಮೇಷ್ಟರಾದರು. ಅಮೆರಿಕದ ಓಹಾಯೋದಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್ ಡಾಕ್ಟರೇಟ್ ಪಡೆದು ಮತ್ತೆ ಇಲ್ಲಿಗೇ ಬಂದರು. ಮದುವೆಯಾಗಲಿಲ್ಲ, ಮನೆ ಮಾಡಲಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದಾಗಲೂ ಖಾದಿ, ಗಾಂಧಿ ಟೋಪಿ, ಹಾಸ್ಟೆಲ್ಲಿನ ಕೋಣೆ. ಪವಾಡ ಮಾಡುತ್ತೇನೆ ಅನ್ನುವವರನ್ನು ಪರೀಕ್ಷೆಗೆ ಕರೆಯುವ ಸಮಿತಿ ಕಟ್ಟಿದ್ದೂ ಆಗಲೇ. ಆ ಧೈರ್ಯ ಇವತ್ತು ಎಷ್ಟು ಕುಲಪತಿಗಳಿಗೆ ಇದೆ ಹೇಳಿ.

1962ರಲ್ಲಿ ಅವರು ಶುರು ಮಾಡಿದ ಬೆಂಗಳೂರು ವಿಜ್ಞಾನ ವೇದಿಕೆ ಇನ್ನೂ ನಡೆಯುತ್ತಿದೆ. ಪ್ರತಿ ಬುಧವಾರ ಸಂಜೆ ಒಂದು ಉಪನ್ಯಾಸ, ಯಾರು ಬೇಕಾದರೂ ಬಂದು ಕೂರಬಹುದು, ಕಾಸು ಕೊಡಬೇಕಿಲ್ಲ. ಎಚ್ಚೆನ್ ತೀರಿಕೊಂಡಿದ್ದು 2005ರ ಜನವರಿ 31ಕ್ಕೆ. ಬುಧವಾರಗಳು ನಿಲ್ಲಲಿಲ್ಲ. ಅವತ್ತು ಸಭಾಂಗಣದಲ್ಲಿ ನಿವೃತ್ತ ಮೇಷ್ಟರುಗಳು, ಬ್ಯಾಗು ಹೊತ್ತ ಪಿಯುಸಿ ಹುಡುಗರು, ನಮ್ಮಂಥ ಊರಿನವರು ಎಲ್ಲ ಇದ್ದರು. ಮಾತು ಮುಗಿದ ಮೇಲೆ ಪ್ರಶ್ನೆಗಳ ಹೊತ್ತು. ಅಕ್ಕನ ಮಗಳು ನನ್ನ ಕಡೆ ನೋಡಿದಳು. ನಾನು ಕೇಳು ಅಂತ ಸನ್ನೆ ಮಾಡುವ ಮೊದಲೇ ಎದ್ದು ನಿಂತಿದ್ದಳು. ಕನ್ನಡದಲ್ಲೇ ಕೇಳಿದಳು, ಉತ್ತರವೂ ಕನ್ನಡದಲ್ಲೇ ಬಂತು. ಅದರ ಮೇಲೆ ಇನ್ನೊಂದು ಪ್ರಶ್ನೆ ಹಾಕಿದಳು, ಪಕ್ಕದ ಸಾಲಿನ ಅಜ್ಜ ಒಬ್ಬರು ಮೂರನೆಯದನ್ನು ಸೇರಿಸಿದರು. ನಮ್ಮ ಬಸ್ಸಿನ ಹೊತ್ತು ಮೀರಿತು.

ಜುಲೈನಲ್ಲಿ ಇಲ್ಲಿ ವಿಜ್ಞಾನ ಉತ್ಸವ ಅಂತ ಉಪನ್ಯಾಸಗಳ ಸಾಲೇ ಇರುತ್ತದೆ. ಆಗ ಅಕ್ಕನನ್ನೂ ಕರೆದುಕೊಂಡು ಹೋಗುವುದು ಅಂತ ಆಗಿದೆ. ಹಸಿರು ಮಾರ್ಗದ ಮೆಟ್ರೋದಲ್ಲಿ ನ್ಯಾಷನಲ್ ಕಾಲೇಜ್ ನಿಲ್ದಾಣದಲ್ಲಿ ಇಳಿದರೆ ಕಾಲೇಜು ಹತ್ತಿರವೇ.