ಕಚ್ಚಿದ್ದು ನಾಯಿ, ಹೊಣೆ ನನ್ನದು

ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ಮನೆಯ ನಾಯಿ ಕರಿಯ, ಕೊರಿಯರ್ ತಂದ ಹುಡುಗನ ಮೀನಖಂಡಕ್ಕೆ ಬಾಯಿ ಹಾಕಿತು. ಕರೆಗಂಟೆ ಕೇಳಿದ ಕೂಡಲೇ ಅದನ್ನು ಒಳಕೋಣೆಗೆ ಕಳುಹಿಸಿ ಬಾಗಿಲು ತೆರೆಯುವುದು ನಮ್ಮ ಮನೆಯ ರೂಢಿ. ಅಂದು ನಾನು ಮರೆತಿದ್ದೆ. ಎರಡು ಹಲ್ಲಿನ ಗುರುತು ಮೂಡಿ ಸ್ವಲ್ಪ ರಕ್ತ ಬಂದಿತ್ತು. ಗಾಯವನ್ನು ನಲ್ಲಿಯ ಕೆಳಗಿಟ್ಟು ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು, ಆ ಹುಡುಗನನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿನ ವೈದ್ಯರು ಮೊದಲು ಕೇಳಿದ್ದು ನಾಯಿಯ ಲಸಿಕೆ ಪುಸ್ತಕವನ್ನು. ಅದು ನನ್ನ ಬಳಿ ಇತ್ತು. ಎರಡನೆಯದಾಗಿ ಕೇಳಿದ್ದು ಪಾಲಿಕೆಯ ಪರವಾನಗಿಯನ್ನು. ಅದು ಇರಲಿಲ್ಲ.

ಲಸಿಕೆ ಹಾಕಿಸಿದ ನಾಯಿಯಾದರೂ ಹುಡುಗನಿಗೆ ಚುಚ್ಚುಮದ್ದು ತಪ್ಪಲಿಲ್ಲ. ಮೊದಲ ದಿನ, ಅಲ್ಲಿಂದ ಮೂರನೆಯ, ಏಳನೆಯ ಮತ್ತು ಇಪ್ಪತ್ತೆಂಟನೆಯ ದಿನ ಹೀಗೆ ನಾಲ್ಕು ಸಲ ಅವನು ಆಸ್ಪತ್ರೆಗೆ ಬರಬೇಕಾಯಿತು. ನಾಲ್ಕು ಸಲವೂ ನಾನು ಜೊತೆಗಿದ್ದೆ. ಕರಿಯನ ಮೇಲೆ ಹತ್ತು ದಿನ ಕಣ್ಣಿಡಬೇಕೆಂದು ವೈದ್ಯರು ಸೂಚಿಸಿದ್ದರು. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್‌ಗೆ ಮದ್ದಿಲ್ಲ ಎಂಬುದು ನನಗೆ ತಿಳಿದ ಸಂಗತಿಯೇ ಆಗಿದ್ದರೂ, ಆ ಹತ್ತು ದಿನ ಅದು ತಟ್ಟೆಯ ಮುಂದೆ ಕುಳಿತಾಗಲೆಲ್ಲ ನೀರು ಕುಡಿಯುತ್ತದೆಯೋ ಇಲ್ಲವೋ ಎಂದು ನೋಡುತ್ತ ನಿಲ್ಲುತ್ತಿದ್ದೆ. ಕಾನೂನು ಏನು ಹೇಳುತ್ತದೆ ಎಂದು ಓದಲು ಕುಳಿತದ್ದೂ ಅದೇ ದಿನಗಳಲ್ಲಿ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಂ ನನ್ನಂಥವರಿಗೆಂದೇ ಬರೆದಂತಿದೆ. ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯವಾಗುವ ಅಥವಾ ಗಂಭೀರ ಗಾಯವಾಗುವ ಸಂಭವವಿದ್ದಾಗ, ಅದನ್ನು ತಡೆಯಲು ಸಾಕಷ್ಟು ಎಚ್ಚರಿಕೆಯನ್ನು ತಿಳಿದೂ ವಹಿಸದವನು ಅಥವಾ ನಿರ್ಲಕ್ಷ್ಯದಿಂದ ಬಿಟ್ಟವನು ಆರು ತಿಂಗಳವರೆಗಿನ ಸೆರೆವಾಸಕ್ಕೆ, ಇಲ್ಲವೇ ಐದು ಸಾವಿರ ರೂಪಾಯಿಯವರೆಗಿನ ದಂಡಕ್ಕೆ, ಇಲ್ಲವೇ ಎರಡಕ್ಕೂ ಗುರಿಯಾಗಬಹುದು. ಹಳೆಯ ದಂಡ ಸಂಹಿತೆಯ 289ನೆಯ ಕಲಮಿನಲ್ಲಿ ಇದೇ ಅಪರಾಧಕ್ಕೆ ದಂಡದ ಮೇಲ್ಮಿತಿ ಸಾವಿರ ರೂಪಾಯಿ ಇತ್ತು. ನಮ್ಮ ಹುಡುಗನ ಗಾಯ ಗಂಭೀರವಾದುದಲ್ಲ, ಅವನು ದೂರನ್ನೂ ಕೊಡಲಿಲ್ಲ. ಆದರೆ ನನ್ನನ್ನು ಕಾಡಿದ್ದು ‘ಸಂಭವ’ ಎಂಬ ಆ ಒಂದು ಮಾತು. ನಾಯಿ ಸಾಕಿದವರೆಲ್ಲರ ಬಾಯಲ್ಲೂ ಒಂದು ವಾಕ್ಯ ಸಿದ್ಧವಾಗಿರುತ್ತದೆ: ‘ಏನೂ ಮಾಡೋದಿಲ್ಲ, ಬನ್ನಿ.’ ಆ ಸಂಜೆಯ ನಂತರ ನಾನು ಆ ಮಾತನ್ನು ಪ್ರಾಮಾಣಿಕವಾಗಿ ಹೇಳಲಾರೆ, ಏಕೆಂದರೆ ಕರಿಯ ಕಚ್ಚಬಲ್ಲದು ಎಂಬುದು ಈಗ ನನಗೆ ತಿಳಿದಿದೆ, ಮತ್ತು ನನಗೆ ತಿಳಿದಿದೆ ಎಂಬುದು ಒಂದು ಆಸ್ಪತ್ರೆಯ ಚೀಟಿಯಲ್ಲಿ ದಾಖಲಾಗಿದೆ. ಗೇಟಿಗೆ ‘ನಾಯಿ ಇದೆ ಎಚ್ಚರಿಕೆ’ ಎಂಬ ಫಲಕ ತೂಗುಹಾಕಿದರೆ ಹೊಣೆ ಕಳೆಯಿತೆಂದು ಬಹಳ ಜನ ನಂಬಿದ್ದಾರೆ. ನನಗೆ ತೋರುವಂತೆ, ಬರೀ ಫಲಕ ಹಾಕಿ ಗೇಟನ್ನು ತೆರೆದಿಟ್ಟವನು ಅಪಾಯ ತನಗೆ ಮೊದಲೇ ಗೊತ್ತಿತ್ತೆಂದು ತಾನೇ ಬರೆದುಕೊಟ್ಟಂತಾಗುತ್ತದೆ.

ಪರವಾನಗಿಯ ವಿಷಯದಲ್ಲಿ ನನ್ನ ತಪ್ಪಿಗೆ ನೆಪ ಹೇಳಲಾರೆ. ಸಾಕುನಾಯಿಗೆ ಪಾಲಿಕೆಯ ಪರವಾನಗಿ ಬೇಕೆಂಬುದು ಬೆಂಗಳೂರಿನಲ್ಲಿ ಹೊಸ ನಿಯಮವೇನೂ ಅಲ್ಲ. ಆದರೆ ಆ ನಿಯಮವನ್ನು ಜನ ಗಂಭೀರವಾಗಿ ತೆಗೆದುಕೊಳ್ಳದಿರುವುದಕ್ಕೆ ಪಾಲಿಕೆಯ ನಡೆಯೂ ಒಂದಿಷ್ಟು ಕಾರಣವೆಂದು ನನ್ನ ಅನಿಸಿಕೆ. 2018ರಲ್ಲಿ ಫ್ಲ್ಯಾಟಿಗೆ ಒಂದೇ ನಾಯಿ, ಸ್ವತಂತ್ರ ಮನೆಗೆ ಮೂರು ಎಂದು ಮಿತಿ ಹಾಕುವ ಬೈಲಾ ಹೊರಬಿದ್ದು, ನಾಯಿ ಸಾಕುವವರ ವಿರೋಧ ಜೋರಾದ ಮೇಲೆ ಅದನ್ನು ತಡೆಹಿಡಿಯಬೇಕಾಯಿತು. ನಾಯಿಗಳನ್ನು ಎಣಿಸುವ ಬದಲು ಸಾಕುವವನ ಎಚ್ಚರವನ್ನು ಅಳೆಯುವ ನಿಯಮ ಬಂದಿದ್ದರೆ ಅಷ್ಟು ಗಲಾಟೆ ಆಗುತ್ತಿರಲಿಲ್ಲವೇನೋ.

ಇದೇ ಮಾತು ತಳಿಗಳ ನಿಷೇಧಕ್ಕೂ ಸಲ್ಲುತ್ತದೆ. 2024ರ ಮಾರ್ಚ್ 12ರಂದು ಕೇಂದ್ರ ಸರ್ಕಾರವು ರಾಟ್‌ವೀಲರ್, ಪಿಟ್‌ಬುಲ್ ಮೊದಲಾದ 23 ಬಗೆಯ ನಾಯಿಗಳನ್ನು ಅಪಾಯಕಾರಿ ಎಂದು ಹೆಸರಿಸಿ, ಅವುಗಳ ಸಾಕಣೆ ಮತ್ತು ಮಾರಾಟಕ್ಕೆ ಪರವಾನಗಿ ಕೊಡಬಾರದೆಂದೂ, ಈಗಾಗಲೇ ಸಾಕಿರುವವುಗಳಿಗೆ ಸಂತಾನಹರಣ ಮಾಡಿಸಬೇಕೆಂದೂ ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿತು. ಸಂಬಂಧಪಟ್ಟವರ ಅಭಿಪ್ರಾಯ ಕೇಳದೆ ಹೊರಡಿಸಲಾಗಿದೆ ಎಂಬ ಕಾರಣವನ್ನೂ ಒಳಗೊಂಡು ಕರ್ನಾಟಕ ಹೈಕೋರ್ಟ್ ಏಪ್ರಿಲ್ 10ರಂದು ಅದನ್ನು ರದ್ದುಪಡಿಸಿತು. ನಮ್ಮ ಕರಿಯ ಆ ಪಟ್ಟಿಯ ಯಾವ ತಳಿಗೂ ಸೇರಿದುದಲ್ಲ, ಬೀದಿಯಿಂದ ತಂದ ಅಪ್ಪಟ ನಾಡನಾಯಿ. ಆದರೂ ಕಚ್ಚಿತು.

ಕಟ್ಟಡದಲ್ಲಿ ಸುದ್ದಿ ಹರಡಿದ ಮೇಲೆ ನಿವಾಸಿಗಳ ಸಂಘದ ಸಭೆಯಲ್ಲಿ ಹಿರಿಯರೊಬ್ಬರು, ಇನ್ನು ಮುಂದೆ ನಾಯಿಗಳೇ ಬೇಡ, ಕನಿಷ್ಠ ಲಿಫ್ಟಿನಲ್ಲಾದರೂ ಬೇಡ ಎಂದು ಪಟ್ಟು ಹಿಡಿದರು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ: ಬಹುಮತದ ಬಲದಿಂದಲೂ ಸಂಘವು ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ, ಲಿಫ್ಟನ್ನು ನಿರಾಕರಿಸುವಂತಿಲ್ಲ, ಬೊಗಳುತ್ತದೆ ಎಂಬ ಕಾರಣಕ್ಕೆ ನಾಯಿಯನ್ನು ಹೊರಹಾಕಿಸುವಂತಿಲ್ಲ. ಆ ಪುಟಗಳನ್ನು ಜೇಬಿನಲ್ಲಿಟ್ಟುಕೊಂಡೇ ಸಭೆಗೆ ಹೋಗಿದ್ದೆ, ಆದರೆ ಹೊರತೆಗೆಯಲು ಮನಸ್ಸು ಬರಲಿಲ್ಲ. ಹೊರಗೆ ಕರೆದೊಯ್ಯುವಾಗ ಚೈನ್ ಹಿಡಿದಿರಬೇಕು, ನಾಯಿ ಮಾಡಿದ ಗಲೀಜನ್ನು ಸಾಕಿದವರೇ ತೆಗೆಯಬೇಕು ಎಂಬ ಮಾತುಗಳೂ ಅದೇ ಮಾರ್ಗಸೂಚಿಯಲ್ಲಿವೆ, ಮತ್ತು ಎರಡನೆಯದನ್ನು ನಾನು ಎಷ್ಟೋ ಬೆಳಗ್ಗೆ ಕಂಡೂ ಕಾಣದಂತೆ ದಾಟಿ ಬಂದಿದ್ದೆ. ಕ್ಷಮೆ ಕೇಳಿ, ಲಿಫ್ಟಿನಲ್ಲಿ ಬೇರೆಯವರಿದ್ದರೆ ಮುಂದಿನದಕ್ಕೆ ಕಾಯುತ್ತೇನೆಂದು ಒಪ್ಪಿಕೊಂಡೆ. ಇದು ಕಾನೂನು ಹೇರಿದ ಷರತ್ತಲ್ಲ, ನಾನಾಗಿಯೇ ಕೊಟ್ಟ ಮಾತು.

ಜನರ ಬಗೆಗಿನ ಹೊಣೆ ಒಂದು ಕಡೆಯಾದರೆ, ನಾಯಿಯ ಬಗೆಗಿನ ಹೊಣೆ ಇನ್ನೊಂದು. ಜಂತುಹುಳದ ಔಷಧಿ, ಲಸಿಕೆ, ಸಂತಾನಹರಣ ಮೂರೂ ಸಾಕಿದವನ ಜವಾಬ್ದಾರಿಯೆಂದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಹೇಳುತ್ತವೆ. ಕಚ್ಚಿದ ನಾಯಿಯನ್ನು ಇಡೀ ದಿನ ಕಟ್ಟಿಹಾಕು ಎಂದು ನನಗೆ ಸಲಹೆ ಕೊಟ್ಟವರು ಹಲವರು. ಆದರೆ ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಅತಿಯಾಗಿ ಕಟ್ಟಿಡುವುದು, ಕಟ್ಟಿಯೇ ಸಾಕುವ ನಾಯಿಗೆ ಓಡಾಟವಿಲ್ಲದಂತೆ ಮಾಡುವುದು, ಹಸಿವು ಬಾಯಾರಿಕೆಯಿಂದ ನರಳುವಂತೆ ಸುಮ್ಮನೆ ಎಲ್ಲೋ ಬಿಟ್ಟು ಹೋಗುವುದು, ಇವೆಲ್ಲವೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನಡಿ ಅಪರಾಧ. ಮನೆ ಬದಲಾಯಿಸುವಾಗ ನಾಯಿಯನ್ನು ಹಳೆಯ ಬೀದಿಯಲ್ಲೇ ಬಿಟ್ಟು ಹೋಗುವವರು ಇದನ್ನು ಅರಿತಂತಿಲ್ಲ. ಅರಿತರೂ ಹೆದರುವ ಕಾರಣ ಕಡಿಮೆ, ಏಕೆಂದರೆ ಮೊದಲ ಅಪರಾಧಕ್ಕೆ ಆ ಕಾಯ್ದೆ ಗೊತ್ತುಮಾಡಿದ ದಂಡ ಹತ್ತರಿಂದ ಐವತ್ತು ರೂಪಾಯಿ. ಇಂದು ಅಷ್ಟರಲ್ಲಿ ಒಂದು ಮಸಾಲೆ ದೋಸೆಯೂ ಬಾರದು.

ನಾಯಿಯನ್ನು ಬಿಟ್ಟು ಬೇರೆ ಪ್ರಾಣಿಯ ಮಾತು ಇಲ್ಲಿ ಬೇಕಿರಲಿಲ್ಲ, ಆದರೂ ಅದೇ ಸಭೆಯಲ್ಲಿ ಒಬ್ಬರು, ‘ನಮ್ಮ ಹಾಗೆ ಗಿಳಿ ಸಾಕಿ, ಯಾರಿಗೂ ತೊಂದರೆಯಿಲ್ಲ’ ಎಂದದ್ದನ್ನು ಹೇಳದೆ ಇರಲಾರೆ. ನಮ್ಮ ತೋಟಗಳಲ್ಲಿ ಕಾಣುವ ಕೆಂಪು ಕೊಕ್ಕಿನ ಹಸಿರು ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅದಕ್ಕೆ ಮೂರು ವರ್ಷದವರೆಗಿನ ಸೆರೆವಾಸವನ್ನೂ ವಿಧಿಸಬಹುದು. ನನ್ನ ನಾಯಿಗೆ ಕೊರತೆಯಿದ್ದದ್ದು ಒಂದು ಪರವಾನಗಿ ಮಾತ್ರ. ಅವರ ಗಿಳಿಯನ್ನು ಕಾನೂನು ಯಾವ ರೀತಿಯಲ್ಲೂ ಒಪ್ಪುವುದಿಲ್ಲ.

ಮುಂಬಾಗಿಲಿನ ಒಳಗೆ ಸೊಂಟದೆತ್ತರದ ಒಂದು ಮರದ ತಡೆಗೇಟು ಮಾಡಿಸಿದ್ದೇವೆ. ಪರವಾನಗಿಗೆ ಅರ್ಜಿ ಹಾಕಿ, ಲಸಿಕೆ ಪುಸ್ತಕದ ಪ್ರತಿಯನ್ನೂ ಜೊತೆಗಿಟ್ಟಿದ್ದೇನೆ. ಅದೇ ಹುಡುಗ ಈಗಲೂ ನಮ್ಮ ಬೀದಿಗೆ ಪಾರ್ಸೆಲ್ ತರುತ್ತಾನೆ, ಕೆಳಗಿನಿಂದಲೇ ಫೋನ್ ಮಾಡುತ್ತಾನೆ, ನಾನು ಇಳಿದು ಹೋಗುತ್ತೇನೆ. ಹೊಸದಾಗಿ ಬಂದವರು ತಡೆಗೇಟಿನಾಚೆ ನಿಂತು, ‘ಇದು ಕಚ್ಚುತ್ತದೆಯೇ?’ ಎಂದು ಕೇಳಿದರೆ, ‘ಹೌದು, ಒಮ್ಮೆ ಕಚ್ಚಿದೆ’ ಎಂದು ಉತ್ತರಿಸುತ್ತೇನೆ.